ಡೆಸ್ಕ್‌ಟಾಪ್ ನಮಗೆ ಬೇಕಾದಂತೆ: ಕನ್ನಡ ಕೀಬೋರ್ಡ್, ಹಳೆ ನುಡಿ ಫೈಲು, ಮಳೆಗಾಲದ ಕರೆಂಟು

ಕರ್ಕಿ: ಡೆಸ್ಕ್‌ಟಾಪ್ ಮೇಲೆ ಅಪ್ಸರಕೊಂಡದ ಫೋಟೊ ಹಾಕಿಕೊಂಡರೆ ಚೆಂದವೇ. ಆದರೆ ದಿನನಿತ್ಯದ ಕೆಲಸಕ್ಕೆ ಬರುವ ಹೊಂದಾಣಿಕೆಗಳು ಬೇರೆ ಇವೆ, ಹೆಚ್ಚಿನವಕ್ಕೆ ದುಡ್ಡೂ ಬೇಡ. ಇಲ್ಲಿ ಹೇಳಿದ ದಾರಿಗಳು ವಿಂಡೋಸ್ 11ಕ್ಕೆ. (ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ.)

ಮೊದಲು ಕನ್ನಡ. ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲ್ಯಾಂಗ್ವೇಜ್, ಅಲ್ಲಿ ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ ಕನ್ನಡ ಸೇರಿಸಿ. ಅದರ ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ ಫೋನೆಟಿಕ್’ ಆರಿಸಿದರೆ ಇಂಗ್ಲಿಷ್ ಅಕ್ಷರ ಒತ್ತಿದಂತೆ ಕನ್ನಡ ಮೂಡುತ್ತದೆ. ಭಾಷೆ ಬದಲಿಸಲು ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್. ನುಡಿ ಕೀಬೋರ್ಡಿಗೆ ಕೈ ಕೂತವರಿಗೆ ಇದು ಹಿಡಿಸೋದು ಕಷ್ಟ. ಅವರು ನುಡಿಯನ್ನೇ ಯುನಿಕೋಡ್‌ಗೆ ಇಟ್ಟುಕೊಳ್ಳಲಿ. ಆ ಕೀಲಿಮಣೆ ವಿನ್ಯಾಸ ಕೂಡ ನಮ್ಮ ಕರಾವಳಿಯದ್ದೇ, ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ್ದು.

ಇನ್ನು ಹಳೆ ಫೈಲುಗಳು. ಸಂಘದ ವರದಿ, ಯಕ್ಷಗಾನದ ಕರಪತ್ರ, ಮದುವೆ ಕರೆಯೋಲೆ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಫೈಲು ಹಾಳಾಗಿದೆ ಅಂತ ಅಳಿಸಬೇಡಿ! ನುಡಿಯ ಹೊಸ ಆವೃತ್ತಿಯಲ್ಲಿರುವ ಪರಿವರ್ತಕದಿಂದ ಯುನಿಕೋಡ್ ಮಾಡಿದರೆ ಮೊಬೈಲಿನಲ್ಲೂ ಓದಬಹುದು, ಹುಡುಕಲೂಬಹುದು. ಪರಿವರ್ತಕಗಳು ಎಡವುವುದು ಒತ್ತಕ್ಷರ, ಅರ್ಕಾವೊತ್ತಿನಲ್ಲಿ. ನಮ್ಮ ಊರಿನ ಹೆಸರಲ್ಲೇ ಅರ್ಕಾವೊತ್ತು ಇದೆಯಲ್ಲ, ‘ಕರ್ಕಿ’ ಸರಿಯಾಗಿ ಬಂದಿದೆಯಾ ಅಂತ ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ. ಮೂಲ ಫೈಲು ಇಟ್ಟುಕೊಂಡೇ ಇರಿ.

ಹೆಚ್ಚಿನವರು ಗಮನಿಸದ ವಿಷಯ ಒಂದಿದೆ. ಡೆಸ್ಕ್‌ಟಾಪ್ ಮೇಲೆ ಕಾಣುವ ಫೈಲುಗಳು ಇರುವುದು ಸಾಮಾನ್ಯವಾಗಿ ಸಿ ಡ್ರೈವಿನಲ್ಲಿ. ರಿಪೇರಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಮಕ್ಕಳ ಫೋಟೊ, ಜಮೀನಿನ ಕಾಗದದ ಸ್ಕ್ಯಾನ್ ಎಲ್ಲ ಅದರ ಜೊತೆಗೇ ಹೋಯ್ತು. ಡಿ ಡ್ರೈವ್ ಇದ್ದರೆ ಅಲ್ಲೊಂದು ಫೋಲ್ಡರ್ ಮಾಡಿ. ಡಾಕ್ಯುಮೆಂಟ್ಸ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಡೆಸ್ಕ್‌ಟಾಪ್ ಫೋಲ್ಡರಿಗೂ ಹೀಗೇ. ಆದರೆ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಭಾಗವಾಗಿದ್ದರೆ ಡಿಸ್ಕ್ ಕೆಟ್ಟಾಗ ಎರಡೂ ಹೋಗುತ್ತವೆ. ಹೊರಗೊಂದು ಪ್ರತಿ ಇರಲೇಬೇಕು.

ಮಳೆಗಾಲದ ಕರೆಂಟಿನ ಕಥೆ ಹೇಳೋದೇ ಬೇಡ. ವರ್ಡ್‌ನಲ್ಲಿ ಫೈಲ್, ಆಪ್ಶನ್ಸ್, ಸೇವ್‌ಗೆ ಹೋದರೆ ಆಟೋರಿಕವರ್ 10 ನಿಮಿಷಕ್ಕೆ ಇರುತ್ತದೆ, 2ಕ್ಕೆ ಇಳಿಸಿ. ಸಿಡಿಲಿದ್ದಾಗ ಯುಪಿಎಸ್ ಇದೆಯಂತ ನಂಬಬೇಡಿ, ಪ್ಲಗ್ಗನ್ನೇ ಕಿತ್ತಿಡಿ. ಇಂಟರ್ನೆಟ್ ಕೇಬಲ್ ಸಹ.

ಹೊರಗಿನಿಂದ ಹಾಕಿಕೊಳ್ಳುವುದಾದರೆ ಮೈಕ್ರೋಸಾಫ್ಟ್‌ನದ್ದೇ ಉಚಿತ ಪವರ್‌ಟಾಯ್ಸ್ ಸಾಕು. ಅದರ ಇಮೇಜ್ ರಿಸೈಜರ್‌ನಿಂದ ಬಲ ಕ್ಲಿಕ್‌ನಲ್ಲೇ ಫೋಟೊ ಸಣ್ಣದಾಗುತ್ತದೆ, ಆನ್‌ಲೈನ್ ಅರ್ಜಿ ತುಂಬುವವರಿಗೆ ದೊಡ್ಡ ಅನುಕೂಲ. ವಿಂಡೋಸ್ ಕೀ ಜೊತೆ ವಿ ಒತ್ತಿ ಆನ್ ಮಾಡಿಟ್ಟರೆ, ಮುಂದೆ ಕಾಪಿ ಮಾಡಿದ್ದೆಲ್ಲ ಅಲ್ಲೇ ಸಿಗುತ್ತದೆ. ಅಜ್ಜ-ಅಜ್ಜಿ ಬಳಸುವ ಮನೆಯಾದರೆ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ಹೆಚ್ಚಿಸಿ ಕೊಡಿ. ‘ನಿಮ್ಮ ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ’ ಅಂತ ಜಾಹೀರಾತಿನಲ್ಲಿ ಬರುವ ಕ್ಲೀನರ್‌ಗಳ ಕಡೆ ತಲೆ ಹಾಕಬೇಡಿ. ವೇಗ ಬೇಕಾದರೆ ಸೆಟ್ಟಿಂಗ್ಸ್‌ನ ಆಪ್ಸ್, ಸ್ಟಾರ್ಟಪ್‌ನಲ್ಲಿ ಬೇಡದ್ದನ್ನು ಆಫ್ ಮಾಡಿ.