ಪ್ರತಿಕೃತಿ ಕಲಿಸಿದ್ದೇನು? ಯುರೋಪಿನ ತೈಲವರ್ಣ ಭಾವಚಿತ್ರ ಶಿಕ್ಷಣದ ಒಂದು ವಿವೇಚನೆ

ಹಿಂದಿನ ಮಹಾಕಲಾವಿದರ ಕೃತಿಗಳನ್ನು ನಕಲು ಮಾಡಿ ಚಿತ್ರಕಲೆ ಕಲಿಯುವುದು ಯುರೋಪಿನಲ್ಲಿ ಹಲವು ಶತಮಾನಗಳಿಂದ ನಡೆದುಬಂದ ರೂಢಿ. ಇದನ್ನು ಕಡಿಯದೆ ಹರಿದುಬಂದ ಒಂದೇ ಪರಂಪರೆಯೆಂದು ವರ್ಣಿಸುವುದುಂಟು. ಆದರೆ ನಕಲಿನಿಂದ ದೊರೆತ ಶಿಕ್ಷಣ ಎಲ್ಲ ಕಾಲಕ್ಕೂ ಒಂದೇ ಆಗಿರಲಿಲ್ಲ. ಒಣಗಿದ ತೈಲವರ್ಣ ಚಿತ್ರದಲ್ಲಿ ಮುಖ್ಯವಾಗಿ ಕಾಣುವುದು ಮೇಲಿನ ಪದರ. ಅದರಡಿ ಏನಿದೆ, ಯಾವುದರ ಮೇಲೆ ಯಾವುದು ಬಂತು ಎಂಬುದು ಬಹುಮಟ್ಟಿಗೆ ಮರೆಯಾಗಿರುತ್ತದೆ. ಈ ಕ್ರಮದ ಅರಿವು ವಿದ್ಯಾರ್ಥಿಗೆ ಬೇರೆ ಎಲ್ಲಿಂದ ಸಿಗುತ್ತಿತ್ತು ಎಂಬುದರ ಮೇಲೆಯೇ ನಕಲಿನ ಫಲ ನಿಂತಿತ್ತು ಎಂಬುದು ಈ ಲೇಖನದ ವಾದ.

ಗುರುವಿನ ಕೈಕೆಳಗೆ

ಇಟಲಿಯ ಚೆನ್ನಿನೊ ಚೆನ್ನಿನಿ 1400ರ ಸುಮಾರಿಗೆ ಬರೆದ ಕೈಪಿಡಿಯಲ್ಲಿ, ಒಬ್ಬ ಶ್ರೇಷ್ಠ ಗುರುವನ್ನು ಆರಿಸಿಕೊಂಡು ಅವನನ್ನೇ ಅನುಸರಿಸಬೇಕೆಂದು ಶಿಷ್ಯರಿಗೆ ಹೇಳುತ್ತಾನೆ. ಆ ಕಾಲದ ಶಿಷ್ಯ ಗುರುವಿನ ಮನೆಯಲ್ಲಿ ಬಣ್ಣ ಅರೆಯುತ್ತಿದ್ದ, ಹಲಗೆಗೆ ತಳಪದರ ಹಚ್ಚುತ್ತಿದ್ದ. ಹಾಗಾಗಿ ಅವನು ನಕಲು ಮಾಡಲು ಕುಳಿತಾಗ ಕ್ರಮ ಕೈಗೆ ಬಂದಿರುತ್ತಿತ್ತು. ನೋಡಿ ಕಲಿಯಬೇಕಾದದ್ದು ರೂಪವನ್ನು ಮಾತ್ರ. 1628–29ರಲ್ಲಿ ರಾಜತಾಂತ್ರಿಕ ಕೆಲಸಕ್ಕೆಂದು ಮ್ಯಾಡ್ರಿಡ್‌ಗೆ ಹೋದ ಚಿತ್ರಕಾರ ರೂಬೆನ್ಸ್, ಅರಮನೆಯಲ್ಲಿದ್ದ ವೆನಿಸ್ಸಿನ ಚಿತ್ರಕಾರ ಟಿಷಿಯನ್ನನ ಕೃತಿಗಳನ್ನು ಒಂದಾದ ಮೇಲೊಂದು ನಕಲು ಮಾಡಿದ. ಆಗ ಅವನಿಗೆ ಐವತ್ತು ದಾಟಿತ್ತು, ಯುರೋಪಿನಲ್ಲೆಲ್ಲ ಹೆಸರಾಗಿದ್ದ. ವಿಧಾನ ಬಲ್ಲವನಿಗೆ ನಕಲು ಸಂವಾದವಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಕಾಡೆಮಿ ಮತ್ತು ಕಳೆದುಹೋದ ಕ್ರಮ

1648ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ರಾಜ ಅಕಾಡೆಮಿ ರೇಖಾಭ್ಯಾಸಕ್ಕೆ ಅಗ್ರಸ್ಥಾನ ಕೊಟ್ಟಿತು. ಅದರ ಉತ್ತರಾಧಿಕಾರಿಯಾದ ಎಕೋಲ್ ದೆ ಬೋಜಾರ್‌ನಲ್ಲಿ ಕುಂಚ ಹಿಡಿದು ಬಣ್ಣ ಹಚ್ಚುವ ಪಾಠ ಶುರುವಾದದ್ದು 1863ರ ಸುಧಾರಣೆಯ ನಂತರ. ಅಲ್ಲಿಯವರೆಗೆ ವರ್ಣಾಭ್ಯಾಸಕ್ಕೆ ಕಲಾವಿದರ ಖಾಸಗಿ ಶಾಲೆಗಳೂ ಮೂಲಕೃತಿಗಳ ನಕಲೂ ಆಸರೆಯಾಗಿದ್ದವು.

ಗುರುವಿನ ಮನೆಯಲ್ಲಿ ಸಿಗುತ್ತಿದ್ದ ಕ್ರಮದ ಅರಿವು ಹೀಗೆ ಕೈತಪ್ಪಿದ್ದರ ಪರಿಣಾಮ ಇಂಗ್ಲೆಂಡಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷ, ಭಾವಚಿತ್ರಕಾರ ಜೋಶುವಾ ರೆನಾಲ್ಡ್ಸ್, 1769ರ ತನ್ನ ಎರಡನೆಯ ಉಪನ್ಯಾಸದಲ್ಲಿ ಇಡೀ ಚಿತ್ರವನ್ನು ಯಾಂತ್ರಿಕವಾಗಿ ನಕಲು ಮಾಡುವುದನ್ನು ಟೀಕಿಸಿದ. ಅದು ಶ್ರಮದ ಭ್ರಮೆ ಹುಟ್ಟಿಸುತ್ತದೆ ಎಂಬುದು ಅವನ ಆಕ್ಷೇಪ. ಆದರೆ ಹಳೆಯ ಚಿತ್ರಗಳ ಮೈಬಣ್ಣದ ಕಾಂತಿ ಅವನನ್ನೂ ಕಾಡುತ್ತಿತ್ತು. ಅದನ್ನು ಪಡೆಯಲು ಮೇಣ, ಡಾಂಬರು, ಬೇಗ ಮಾಸುವ ಕೆಂಪುಗಳನ್ನು ಬಳಸಿ ಪ್ರಯೋಗ ನಡೆಸಿದ. ಅವನ ಎಷ್ಟೋ ಭಾವಚಿತ್ರಗಳ ಮುಖಗಳು ಅವನ ಜೀವಿತಕಾಲದಲ್ಲೇ ಬಿಳಿಚಿಕೊಂಡವು. ಮುಂದಿನ ಅಧ್ಯಕ್ಷ ಬೆಂಜಮಿನ್ ವೆಸ್ಟ್ ಮತ್ತು ಹಲವು ಸದಸ್ಯರು, ಆ್ಯನ್ ಪ್ರೊವಿಸ್ ಎಂಬ ಯುವತಿ ಮತ್ತು ಅವಳ ತಂದೆ ಟಿಷಿಯನ್ನನಂಥ ಕಲಾವಿದರ ವಿಧಾನವೆಂದು ತಲಾ 10 ಗಿನಿಗೆ ಮಾರಿದ ‘ವೆನಿಸ್ಸಿನ ರಹಸ್ಯ’ವನ್ನು ನಂಬಿ ಮೋಸಹೋದರು. ವ್ಯಂಗ್ಯಚಿತ್ರಕಾರ ಗಿಲ್‌ರೇ 1797ರಲ್ಲಿ ಅವರನ್ನೆಲ್ಲ ಗೇಲಿ ಮಾಡಿದ. ಕಣ್ಣಿಗೆ ಕಂಡದ್ದನ್ನು ಅನುಕರಿಸಬಲ್ಲವರು ಕಾಣದ್ದನ್ನು ಕೊಳ್ಳಲು ಹೊರಟ ಪ್ರಸಂಗವಿದು. ಹಳೆಯ ವಿಧಾನಗಳನ್ನು ದಾಖಲೆಗಳಿಂದ ಶೋಧಿಸುವ ಈಸ್ಟ್‌ಲೇಕ್ (1847) ಮತ್ತು ಮೆರಿಫೀಲ್ಡ್ (1849) ಅವರ ಗ್ರಂಥಗಳು ಬಂದದ್ದು ಅರ್ಧ ಶತಮಾನದ ನಂತರ.

ಲೂವ್ರ್‌ನ ನಕಲುಗಾರರು

1793ರ ಆಗಸ್ಟ್ 10ರಂದು ತೆರೆದ ಲೂವ್ರ್ ಸಂಗ್ರಹಾಲಯ, ಫ್ರೆಂಚ್ ಕ್ರಾಂತಿಯ ಪಂಚಾಂಗದ ಹತ್ತು ದಿನಗಳ ವಾರದಲ್ಲಿ ಐದು ದಿನಗಳನ್ನು ಕಲಾವಿದರಿಗೆ ಮೀಸಲಿಟ್ಟಿತು. 1897ರವರೆಗೆ ಎಕೋಲ್‌ಗೆ ಪ್ರವೇಶವಿಲ್ಲದ ಮಹಿಳೆಯರಿಗೆ ಇದೊಂದು ದೊಡ್ಡ ಅವಕಾಶ. 1858ರಲ್ಲಿ ನಕಲುಗಾರ್ತಿಯಾಗಿ ಹೆಸರು ನೋಂದಾಯಿಸಿದ ಬರ್ತ್ ಮೊರಿಸೊ ಹತ್ತು ವರ್ಷದ ಬಳಿಕ ಇಲ್ಲಿಯೇ, ನಕಲುಗಳಿಂದಲೂ ಸಂಪಾದಿಸುತ್ತಿದ್ದ ಚಿತ್ರಕಾರ ಫಾಂತಾ-ಲಾತೂರನ ಮೂಲಕ, ಚಿತ್ರಕಾರ ಮಾನೆಯನ್ನು ಭೇಟಿಯಾದಳು.

ಮಾನೆ ಮತ್ತು ದೆಗಾ ಪರಸ್ಪರ ಪರಿಚಯವಾದದ್ದೂ 1860ರ ದಶಕದ ಆರಂಭದಲ್ಲಿ, ವೆಲಾಸ್ಕೆಸನದೆಂದು ಆಗ ತಿಳಿದಿದ್ದ ರಾಜಕುಮಾರಿ ಮಾರ್ಗರಿಟಾಳ ಭಾವಚಿತ್ರದ ಮುಂದೆ ಎಂಬ ಪ್ರತೀತಿಯಿದೆ. ಈ ತಲೆಮಾರು ಹದಿನೇಳನೆಯ ಶತಮಾನದ ಚಿತ್ರಕಾರರಾದ ವೆಲಾಸ್ಕೆಸ್, ಫ್ರಾನ್ಸ್ ಹಾಲ್ಸ್‌ರತ್ತ ಹೊರಳಿದ್ದಕ್ಕೆ ಅಭಿರುಚಿಯ ಬದಲಾವಣೆಯೊಂದೇ ಕಾರಣವೆನ್ನಲಾಗದು. ಟಿಷಿಯನ್ನನ ಪಾರದರ್ಶಕ ಪದರಗಳು ಒಂದರಡಿ ಒಂದು ಅಡಗಿದರೆ, ಹಾಲ್ಸ್‌ನ ಕುಂಚದ ಗೀಟುಗಳು ಮೇಲ್ಮೈಯಲ್ಲೇ ಬಿಡಿಬಿಡಿಯಾಗಿ ನಿಂತಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಅಲ್ಲಿ ಓದಬಹುದು. ಗುರುವಿನ ಮನೆಯ ಶಿಕ್ಷಣವಿಲ್ಲದ ನಕಲುಗಾರನಿಗೆ ಇದು ದೊಡ್ಡ ಅನುಕೂಲ. ಬಣ್ಣವನ್ನು ಒಂದೇ ಏಟಿಗೆ ಸರಿಯಾದ ಛಾಯೆಯಲ್ಲಿ ಹಚ್ಚಬೇಕೆಂದು ಕಲಿಸುತ್ತಿದ್ದ ಕರೊಲಸ್-ದ್ಯುರಾಂನ ಶಿಷ್ಯ ಜಾನ್ ಸಿಂಗರ್ ಸಾರ್ಜೆಂಟ್, 1879ರಲ್ಲಿ ಪ್ರಾಡೊದಲ್ಲಿ ವೆಲಾಸ್ಕೆಸನನ್ನೂ 1880ರಲ್ಲಿ ಹಾರ್ಲೆಮ್‌ನಲ್ಲಿ ಹಾಲ್ಸ್‌ನನ್ನೂ ನಕಲು ಮಾಡಿದ. ಗುರು ಹೇಳಿದ ಕ್ರಮವನ್ನು ಮೂಲದಲ್ಲಿ ಪರೀಕ್ಷಿಸಿ ನೋಡುವ ಅವಕಾಶ ಅವನಿಗಿತ್ತು.

ಸಮಾರೋಪ

1873ರಲ್ಲಿ ಚಾರ್ಲ್ಸ್ ಬ್ಲಾಂ ಪ್ಯಾರಿಸ್ಸಿನಲ್ಲಿ ತೆರೆದ ಪ್ರತಿಕೃತಿಗಳ ಸಂಗ್ರಹಾಲಯ ವರ್ಷ ತುಂಬುವ ಮೊದಲೇ ಮುಚ್ಚಿತು. ಅದು ನಕಲನ್ನು ಮೂಲದ ಬದಲಿಯಾಗಿ ಕಂಡಿತ್ತು. ಲೂವ್ರ್‌ನ ಈಗಿನ ನಿಯಮದ ನಿಲುವು ಬೇರೆ: ನಕಲು ಮೂಲಕ್ಕಿಂತ ಐದನೇ ಒಂದು ಭಾಗದಷ್ಟಾದರೂ ಹಿರಿದೋ ಕಿರಿದೋ ಆಗಿರಬೇಕು. ಖೋಟಾ ಕೃತಿಗಳನ್ನು ತಡೆಯಲೆಂದು ಮಾಡಿದ ಈ ಕಟ್ಟಳೆಯಲ್ಲಿ ಶಿಕ್ಷಣದ ತರ್ಕವೂ ಅಡಗಿದೆ, ಏಕೆಂದರೆ ಅಳತೆ ಬದಲಾದಾಗ ಪ್ರತಿ ಸಂಬಂಧವನ್ನೂ ಹೊಸದಾಗಿ ತೂಗಬೇಕಾಗುತ್ತದೆ. ಇಂದು ಎಕ್ಸ್‌-ರೇ ಮತ್ತು ಬಣ್ಣದ ಕಣಗಳ ಅಡ್ಡಕೊಯ್ತದ ಪರೀಕ್ಷೆ ಅಡಗಿದ ಪದರಗಳನ್ನೂ ತೋರಿಸುತ್ತಿವೆ. ಆದ್ದರಿಂದ ಹಳೆಯ ನಕಲುಗಳನ್ನು ಮೂಲಕ್ಕೆ ಎಷ್ಟು ಹೋಲುತ್ತವೆ ಎಂದು ಅಳೆಯುವುದಕ್ಕಿಂತ, ಮೂಲದ ಕ್ರಮವನ್ನು ನಕಲುಗಾರ ಎಷ್ಟು ಸರಿಯಾಗಿ ಊಹಿಸಿದ್ದ ಎಂದು ಹೋಲಿಸಿ ನೋಡುವುದು ಹೆಚ್ಚು ಫಲ ಕೊಡುವ ಸಂಶೋಧನಾ ಮಾರ್ಗ.