ಕಾಳಿ ನದಿ ಸೇತುವೆ, ಕಾರವಾರ

ಕಾಳಿ ನದಿ ಸೇತುವೆಯು ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿ ಇರುವ ಹೆದ್ದಾರಿ ಸೇತುವೆಯಾಗಿದೆ. ಇದು ದಕ್ಷಿಣ ದಡದಲ್ಲಿರುವ ಕಾರವಾರದ ಕೋಡಿಬಾಗವನ್ನು ಉತ್ತರ ದಡದ ಸದಾಶಿವಗಡದೊಂದಿಗೆ ಜೋಡಿಸುತ್ತದೆ. ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 (ಹಿಂದಿನ ರಾಷ್ಟ್ರೀಯ ಹೆದ್ದಾರಿ 17) ಇದರ ಮೂಲಕ ಹಾದುಹೋಗುತ್ತದೆ. ಇಲ್ಲಿ ಅಕ್ಕಪಕ್ಕದಲ್ಲಿ ಎರಡು ಸೇತುವೆಗಳಿದ್ದವು; ಅವುಗಳಲ್ಲಿ ಹಳೆಯದು 2024ರ ಆಗಸ್ಟ್ 7ರಂದು ಕುಸಿಯಿತು.

ಭೌಗೋಳಿಕ ಹಿನ್ನೆಲೆ

ಕಾಳಿ ನದಿಯು ಜೋಯಿಡಾ ತಾಲ್ಲೂಕಿನ ಡಿಗ್ಗಿ ಗ್ರಾಮದ ಬಳಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು ಕಡಲನ್ನು ಸೇರುತ್ತದೆ. ಸೂಪಾ, ಕೊಡಸಳ್ಳಿ ಹಾಗೂ ಕದ್ರಾ ಈ ನದಿಗೆ ಕಟ್ಟಲಾದ ಪ್ರಮುಖ ಅಣೆಕಟ್ಟುಗಳು. ಅಳಿವೆಯಲ್ಲಿ ನದಿಯ ಪಾತ್ರವು ವಿಶಾಲವಾಗಿದ್ದು, ಉಬ್ಬರದ ವೇಳೆ ಸಮುದ್ರದ ನೀರು ಒಳನುಗ್ಗುತ್ತದೆ. ಉತ್ತರ ದಡದಲ್ಲಿ ಸದಾಶಿವಗಡದ ಕೋಟೆಯಿರುವ ಗುಡ್ಡವಿದೆ. ಕೊಂಕಣ ರೈಲು ಮಾರ್ಗವು ಇಲ್ಲಿಂದ ಪೂರ್ವಕ್ಕೆ, ಒಳನಾಡಿನ ಕಡೆಗೆ, ಪ್ರತ್ಯೇಕ ಸೇತುವೆಯ ಮೂಲಕ ಕಾಳಿಯನ್ನು ದಾಟುತ್ತದೆ.

ನಿರ್ಮಾಣ

ಸೇತುವೆಯಿಲ್ಲದ ಕಾಲದಲ್ಲಿ ಜನರು ದೋಣಿಗಳಲ್ಲಿ ನದಿ ದಾಟುತ್ತಿದ್ದರು. ದ್ವಿಪಥದ ಹಳೆಯ ಸೇತುವೆಯು 1980ರ ದಶಕದಲ್ಲಿ ನಿರ್ಮಾಣವಾಯಿತು. ಹೆದ್ದಾರಿಯನ್ನು ಚತುಷ್ಪಥಗೊಳಿಸುವಾಗ ಅದರ ಪಕ್ಕದಲ್ಲಿ ಹೊಸ ಸೇತುವೆಯನ್ನು ಕಟ್ಟಲಾಯಿತು. ಆನಂತರ ಗೋವಾದಿಂದ ಕಾರವಾರಕ್ಕೆ ಬರುವ ವಾಹನಗಳು ಹಳೆಯ ಸೇತುವೆಯನ್ನೂ, ಗೋವಾ ಕಡೆಗೆ ತೆರಳುವ ವಾಹನಗಳು ಹೊಸ ಸೇತುವೆಯನ್ನೂ ಬಳಸತೊಡಗಿದವು.

2024ರ ಕುಸಿತ

2024ರ ಆಗಸ್ಟ್ 7ರ ನಸುಕಿನಲ್ಲಿ, ಸುಮಾರು ಒಂದು ಗಂಟೆಗೆ, ಹಳೆಯ ಸೇತುವೆ ಕುಸಿದು, ಅದರ ಮೇಲೆ ಸಾಗುತ್ತಿದ್ದ ಲಾರಿಯೊಂದು ನದಿಗೆ ಬಿದ್ದಿತು. ತಮಿಳುನಾಡು ಮೂಲದ ಅದರ ಚಾಲಕನನ್ನು ಪೊಲೀಸರು ಹಾಗೂ ಸ್ಥಳೀಯ ಮೀನುಗಾರರು ರಕ್ಷಿಸಿದರು. ಮುನ್ನೆಚ್ಚರಿಕೆಯಾಗಿ ಹೊಸ ಸೇತುವೆಯ ಮೇಲಿನ ಸಂಚಾರವನ್ನೂ ತಡೆಹಿಡಿದು, ಪರಿಶೀಲನೆಯ ಬಳಿಕ ಪುನರಾರಂಭಿಸಲಾಯಿತು. ಹೀಗೆ ಎರಡೂ ದಿಕ್ಕಿನ ವಾಹನಗಳು ಒಂದೇ ಸೇತುವೆಯನ್ನು ಅವಲಂಬಿಸಬೇಕಾಯಿತು.

ಮಹತ್ವ

ಕಾರವಾರವು ಜಿಲ್ಲಾ ಕೇಂದ್ರವಾಗಿದ್ದು, ಜಿಲ್ಲಾಡಳಿತದ ಕಚೇರಿಗಳು ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜು ನದಿಯ ದಕ್ಷಿಣಕ್ಕಿವೆ. ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಮುಂತಾದ ಉತ್ತರ ದಡದ ಊರುಗಳ ಜನರು ಇವುಗಳನ್ನು ತಲುಪಲು ಈ ಸೇತುವೆಯನ್ನೇ ಬಳಸುತ್ತಾರೆ. ಕರ್ನಾಟಕದ ಕರಾವಳಿ ಹಾಗೂ ಗೋವಾ ನಡುವಿನ ಸರಕು ಸಾಗಣೆಗೂ ಇದು ಮುಖ್ಯ ಕೊಂಡಿಯಾಗಿದೆ. ಸಮುದ್ರದ ಲವಣಾಂಶವು ಕಾಂಕ್ರೀಟಿನೊಳಗೆ ಇಳಿದರೆ ಉಕ್ಕಿನ ಸರಳುಗಳು ತುಕ್ಕು ಹಿಡಿಯುವುದರಿಂದ, ಅಳಿವೆಗಳಲ್ಲಿರುವ ಇಂತಹ ಸೇತುವೆಗಳಿಗೆ ನಿಯತಕಾಲಿಕ ತಪಾಸಣೆ ಅತ್ಯಗತ್ಯವಾಗಿದೆ.