ಬೆಳಕು ಬಿದ್ದರೆ ಕಲಿಯುತ್ತೆ, ಆರಿದರೂ ನೆನಪಿಡುತ್ತೆ! ಏನಿದು ಕೃತಕ ಸಿನಾಪ್ಸ್? ಬೆಂಗಳೂರು ವಿಜ್ಞಾನಿಗಳ ಸಂಶೋಧನೆ ಹೀಗಿದೆ

ಹೈದರಾಬಾದ್: ಮನುಷ್ಯನ ಮೆದುಳು ಕೆಲಸ ಮಾಡಲು ಬಳಸುವುದು ಸುಮಾರು 20 ವ್ಯಾಟ್ ಶಕ್ತಿ ಮಾತ್ರ. ಅಂದರೆ ಮನೆಯ ಒಂದು ಎಲ್‌ಇಡಿ ಟ್ಯೂಬ್‌ಲೈಟ್‌ಗೆ ಬೇಕಾಗುವಷ್ಟು! ಇನ್ನೊಂದೆಡೆ, ಇಂಟರ್‌ನೆಟ್‌ನಿಂದ ಹಿಡಿದು ಕೃತಕ ಬುದ್ಧಿಮತ್ತೆವರೆಗೆ ಎಲ್ಲವನ್ನೂ ನಡೆಸುವ ಡೇಟಾ ಸೆಂಟರ್‌ಗಳು 2024ರಲ್ಲಿ ಜಗತ್ತಿನ ಒಟ್ಟು ವಿದ್ಯುತ್ ಬಳಕೆಯ ಸುಮಾರು ಶೇ.1.5ರಷ್ಟನ್ನು ನುಂಗಿವೆ ಎಂದು ಅಂತಾರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜಿಸಿದೆ. 2030ರ ವೇಳೆಗೆ ಈ ಬಳಕೆ ದುಪ್ಪಟ್ಟಿಗಿಂತ ಹೆಚ್ಚಾಗಲಿದೆ ಎಂಬುದು ಅದೇ ಸಂಸ್ಥೆಯ ಲೆಕ್ಕಾಚಾರ. 2022ರ ನವೆಂಬರ್‌ನಲ್ಲಿ ಅಮೆಜಾನ್ ವೆಬ್ ಸರ್ವೀಸಸ್ ತನ್ನ ಕ್ಲೌಡ್ ವಲಯ ತೆರೆದ ಹೈದರಾಬಾದ್‌ನಂತಹ ನಗರಗಳಿಗೆ ಇದು ದೂರದ ಮಾತಲ್ಲ.

ಹಾಗಾದರೆ ಮೆದುಳಿನಂತೆಯೇ ಕೆಲಸ ಮಾಡುವ ಚಿಪ್ ತಯಾರಿಸಿದರೆ ಹೇಗೆ? ವಿಜ್ಞಾನಿಗಳು ದಶಕಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅದಕ್ಕೊಂದು ಉತ್ತರ ಬೆಂಗಳೂರಿನ ಜಕ್ಕೂರಿನಿಂದಲೂ ಬಂದಿದೆ.

ಸಮಸ್ಯೆ ಇರುವುದೆಲ್ಲಿ?: ಇಂದಿನ ಕಂಪ್ಯೂಟರ್‌ಗಳಲ್ಲಿ ಲೆಕ್ಕ ಮಾಡುವ ಪ್ರೊಸೆಸರ್ ಒಂದು ಕಡೆ, ಮಾಹಿತಿ ಇಡುವ ಮೆಮೊರಿ ಇನ್ನೊಂದು ಕಡೆ. ಅಡುಗೆಮನೆ ಒಂದು ಬೀದಿಯಲ್ಲಿ, ಉಗ್ರಾಣ ಮತ್ತೊಂದು ಬೀದಿಯಲ್ಲಿ ಇದ್ದ ಹಾಗೆ. ಪ್ರತಿ ಒಗ್ಗರಣೆಗೂ ಸಾಸಿವೆ ತರಲು ಓಡಬೇಕು. ಈ ಓಡಾಟಕ್ಕೇ ಸಾಕಷ್ಟು ಸಮಯ ಮತ್ತು ವಿದ್ಯುತ್ ಖರ್ಚಾಗುತ್ತದೆ.

ಮೆದುಳಿನಲ್ಲಿ ಹೀಗಿಲ್ಲ. ಅಲ್ಲಿರುವ ಸುಮಾರು 8,600 ಕೋಟಿ ನರಕೋಶಗಳು ಸಿನಾಪ್ಸ್ ಎಂಬ ಸಂಧಿಗಳ ಮೂಲಕ ಒಂದಕ್ಕೊಂದು ಸಂಕೇತ ಕಳುಹಿಸುತ್ತವೆ. ಪದೇ ಪದೇ ಬಳಸಿದ ಸಂಧಿ ಗಟ್ಟಿಯಾಗುತ್ತದೆ, ಬಳಸದ್ದು ದುರ್ಬಲವಾಗುತ್ತದೆ. ಮಗ್ಗಿ ಬಾಯಿಪಾಠವಾಗುವುದೂ, ಪರೀಕ್ಷೆ ಮುಗಿದ ವಾರಕ್ಕೆ ಓದಿದ್ದೆಲ್ಲ ಮರೆತು ಹೋಗುವುದೂ ಬಹುಮಟ್ಟಿಗೆ ಇದರಿಂದಲೇ. ಅಂದರೆ ಇಲ್ಲಿ ಲೆಕ್ಕ ಮತ್ತು ನೆನಪು ಎರಡೂ ಒಂದೇ ಜಾಗದಲ್ಲಿ ನಡೆಯುತ್ತವೆ.

ಜಕ್ಕೂರಿನಲ್ಲಿ ಆಗಿದ್ದೇನು?: ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ (ಜೆಎನ್‌ಸಿಎಎಸ್‌ಆರ್) ಬಿವಾಸ್ ಸಾಹಾ ನೇತೃತ್ವದ ತಂಡ, ಸ್ಕ್ಯಾಂಡಿಯಂ ನೈಟ್ರೈಡ್ ಎಂಬ ಅರೆವಾಹಕದ ತೆಳುಪದರ ಬಳಸಿ ಬೆಳಕಿನಿಂದ ನಡೆಯುವ ಕೃತಕ ಸಿನಾಪ್ಸ್ ತಯಾರಿಸಿದೆ. ಧೀಮಹಿ ರಾವ್ ಮೊದಲ ಲೇಖಕಿಯಾಗಿರುವ ಈ ಸಂಶೋಧನೆ 'ಅಡ್ವಾನ್ಸ್ಡ್ ಎಲೆಕ್ಟ್ರಾನಿಕ್ ಮೆಟೀರಿಯಲ್ಸ್' ನಿಯತಕಾಲಿಕದಲ್ಲಿ ಪ್ರಕಟವಾಗಿದೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರೂ ಕೈಜೋಡಿಸಿದ್ದರು.

ಅರೆವಾಹಕದ ಮೇಲೆ ಬೆಳಕು ಬಿದ್ದಾಗ ಅದರ ವಿದ್ಯುತ್ ವಾಹಕತೆ ಬದಲಾಗುತ್ತದೆ. ಸಾಮಾನ್ಯ ಬೆಳಕಿನ ಸೆನ್ಸರ್‌ಗಳಲ್ಲಿ ಬೆಳಕು ಆರಿದ ತಕ್ಷಣ ಅದು ಮೊದಲಿನ ಸ್ಥಿತಿಗೆ ಮರಳಬೇಕು. ಇಲ್ಲಿ ಹಾಗಾಗುವುದಿಲ್ಲ. ಬೆಳಕಿನಿಂದ ಹುಟ್ಟಿದ ವಿದ್ಯುದಾವೇಶಗಳಲ್ಲಿ ಕೆಲವು ಹರಳಿನ ದೋಷಗಳಲ್ಲಿ ಸಿಕ್ಕಿಹಾಕಿಕೊಳ್ಳುವುದರಿಂದ ಬದಲಾವಣೆ ಕೆಲಕಾಲ ಉಳಿಯುತ್ತದೆ. ಸೆನ್ಸರ್ ತಯಾರಕರಿಗೆ ತಲೆನೋವಾದ ಈ ಗುಣವೇ ಇಲ್ಲಿ ನೆನಪಿನ ಶಕ್ತಿ! ಬೆಳಕಿನ ಒಂದು ಮಿಡಿತ ಅಲ್ಪಕಾಲದ ನೆನಪು ಬಿಟ್ಟರೆ, ಮಿಡಿತಗಳು ಮರುಕಳಿಸಿದಾಗ ಅದು ದೀರ್ಘಕಾಲದ ನೆನಪಾಗುತ್ತದೆ. ನಿಂತರೆ ನಿಧಾನವಾಗಿ ಮರೆವು.

ಇಷ್ಟೇ ಆಗಿದ್ದರೆ ಇದು ಹತ್ತರಲ್ಲಿ ಹನ್ನೊಂದನೇ ಸಾಧನವಾಗುತ್ತಿತ್ತು. ಆದರೆ ಮೆದುಳಿನಲ್ಲಿ ಸಂಕೇತವನ್ನು ಹುರಿದುಂಬಿಸುವ ಸಿನಾಪ್ಸ್‌ಗಳಿರುವಂತೆ ತಡೆಯುವ ಸಿನಾಪ್ಸ್‌ಗಳೂ ಇವೆ. ಗಾಡಿಗೆ ಆಕ್ಸಲರೇಟರ್ ಜೊತೆ ಬ್ರೇಕ್ ಕೂಡ ಬೇಕಲ್ಲವೇ? ಸ್ಕ್ಯಾಂಡಿಯಂ ನೈಟ್ರೈಡ್‌ಗೆ ಮೆಗ್ನೀಸಿಯಂ ಬೆರೆಸುವ ಮೂಲಕ ಈ ಎರಡೂ ಗುಣಗಳನ್ನು ಒಂದೇ ವಸ್ತುವಿನಲ್ಲಿ ಸಾಧಿಸಬಹುದು ಎಂದು ತಂಡ ತೋರಿಸಿದೆ. ಜೊತೆಗೆ ಈ ವಸ್ತು ಬಹಳ ಸ್ಥಿರ. ಈಗಿನ ಸಿಲಿಕಾನ್ ಚಿಪ್ ತಯಾರಿಕಾ ವಿಧಾನಕ್ಕೂ ಹೊಂದಿಕೊಳ್ಳುತ್ತದೆ. ಹಿಂದಿನ ಹಲವು ಬೆಳಕಿನ ಸಿನಾಪ್ಸ್‌ಗಳು ಎಡವಿದ್ದೇ ಇಲ್ಲಿ.

ಬೆಳಕೇ ಏಕೆ?: ತಂತಿಯಲ್ಲಿ ಹರಿಯುವ ವಿದ್ಯುತ್ತಿಗಿಂತ ಬೆಳಕು ಹೆಚ್ಚು ಮಾಹಿತಿ ಹೊರಬಲ್ಲದು, ಸಾಗುವ ದಾರಿಯಲ್ಲಿ ಬಿಸಿಯೂ ಕಡಿಮೆ. ನೋಡುವ ಕೆಲಸ ಮತ್ತು ನೆನಪಿಡುವ ಕೆಲಸ ಒಂದೇ ಸಾಧನದಲ್ಲಿ ನಡೆದರೆ ಕ್ಯಾಮೆರಾ, ಡ್ರೋನ್, ರೋಬೋಟ್‌ಗಳು ಪ್ರತಿ ದೃಶ್ಯವನ್ನೂ ದೂರದ ಸರ್ವರ್‌ಗೆ ಕಳುಹಿಸಿ ಕಾಯಬೇಕಿಲ್ಲ.

ಮುಂದೇನು?: ಸದ್ಯ ಇದು ಪ್ರಯೋಗಾಲಯದ ಸಾಧನ. ಕೆಲವೇ ಸಿನಾಪ್ಸ್‌ಗಳಿಂದ ಕೋಟ್ಯಂತರ ಸಿನಾಪ್ಸ್‌ಗಳಿಗೆ ಏರುವುದು, ಅವೆಲ್ಲ ಒಂದೇ ರೀತಿ ವರ್ತಿಸುವಂತೆ ಮಾಡುವುದು, ಚಿಪ್‌ನೊಳಗೆ ಬೆಳಕಿನ ಮೂಲ ಕೂರಿಸುವುದು ಇನ್ನೂ ಬಾಕಿ ಇದೆ. ಮೊಬೈಲ್‌ನಲ್ಲಿ ನಾಳೆಯೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವಿದ್ಯುತ್ತಿನಿಂದಲೇ ನಡೆಯುವ ಮೆದುಳಿನ ಮಾದರಿಗಳ ಕೆಲಸವೂ ಬೆಂಗಳೂರಿನಲ್ಲಿ ಜೋರಾಗಿದೆ. ಜೆಎನ್‌ಸಿಎಎಸ್‌ಆರ್‌ನ ಜಿ.ಯು. ಕುಲಕರ್ಣಿ ಅವರ ತಂಡ ಬೆಳ್ಳಿಯ ಸೂಕ್ಷ್ಮ ಕಣಗಳ ಜಾಲಕ್ಕೆ, ಗಂಟೆ ಸದ್ದಿಗೆ ಜೊಲ್ಲು ಸುರಿಸುವ ಪಾವ್ಲೋವ್‌ನ ನಾಯಿಯಂತೆ 'ಕಲಿಯಲು' ತರಬೇತಿ ನೀಡಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ, 16,500 ವಾಹಕತಾ ಸ್ಥಿತಿಗಳಲ್ಲಿ ಮಾಹಿತಿ ಇಡಬಲ್ಲ ಅಣುಪದರವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಜೇಮ್ಸ್ ವೆಬ್ ದೂರದರ್ಶಕದ ದತ್ತಾಂಶದಿಂದ 'ಸೃಷ್ಟಿಯ ಸ್ತಂಭಗಳು' ಚಿತ್ರವನ್ನು ಆ ತಂಡ ಮೇಜಿನ ಮೇಲಿನ ಸಾಧಾರಣ ಕಂಪ್ಯೂಟರ್‌ನಲ್ಲೇ ಮರುಸೃಷ್ಟಿಸಿತ್ತು.